ವ್ಯಾನಿನ ಛಾವಣಿಗೆ ರೂಫ್ ರೈಲ್ ಮತ್ತು ಬಾರ್ ಕೂರಿಸುವುದು: ಸಮಗ್ರ ಮಾರ್ಗದರ್ಶಿ

ರೂಫ್ ರೈಲ್ ಎಂದರೆ ಛಾವಣಿಯ ಎರಡೂ ಅಂಚಿನುದ್ದಕ್ಕೆ ಕೂರುವ ಕಂಬಿಗಳು, ಬಾರ್ ಎಂದರೆ ಅವುಗಳ ಮೇಲೆ ಅಡ್ಡಕ್ಕೆ ಕೂತು ಸಾಮಾನು ಹೊರುವ ಕಂಬಿಗಳು. ಈ ಕೆಲಸದಲ್ಲಿ ಬೋಲ್ಟ್ ಬಿಗಿಯುವುದಕ್ಕೆ ಹಿಡಿಯುವ ಹೊತ್ತು ತೀರ ಕಡಿಮೆ. ಹೊತ್ತೆಲ್ಲ ಹೋಗುವುದು ಎರಡು ಕಡೆಗೆ: ಬೋಲ್ಟ್ ಎಲ್ಲಿ ಕೂರಬೇಕೆಂದು ಕಂಡುಕೊಳ್ಳಲು, ಕೂತ ಮೇಲೆ ಅದರ ಸುತ್ತ ನೀರು ಇಳಿಯದಂತೆ ಮಾಡಲು. ವ್ಯಾನಿನ ಛಾವಣಿಯ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಅದಕ್ಕೆ ಬಲ ಬರುವುದು ಒಳಗೆ ಅಡ್ಡಡ್ಡ ಹಾಯುವ ತೊಲೆಗಳಿಂದ ಮತ್ತು ಎರಡೂ ಪಕ್ಕದಲ್ಲಿ ಬಾಗಿಲುಗಳ ಮೇಲೆ ಉದ್ದಕ್ಕೆ ಓಡುವ ಎರಡು ಮೂರು ಪದರದ ಚೌಕಟ್ಟಿನಿಂದ. ರೈಲಿನ ಪಾದ ಆ ಚೌಕಟ್ಟಿನ ಮೇಲೆ ಕೂತರೆ ಭಾರ ಗೋಡೆಗಳಿಗೆ ಇಳಿಯುತ್ತದೆ. ನಡುವಿನ ತಗಡಿನ ಮೇಲೆ ಕೂತರೆ ತಗಡು ಡೊಂಕಾಗುತ್ತದೆ, ತೂತು ಹಿಗ್ಗುತ್ತದೆ, ಸೀಲಂಟ್ (ನೀರು ಇಳಿಯದಂತೆ ತಡೆಯುವ ಅಂಟು) ಬಿರಿಯುತ್ತದೆ, ಆಮೇಲೆ ಮಳೆ ಒಳಗೆ ಬರುತ್ತದೆ.

ನಿಮ್ಮ ಛಾವಣಿ ಯಾವ ಬಗೆಯದು?

ಏನನ್ನೂ ಕೊಳ್ಳುವ ಮುಂಚೆ ಏಣಿ ಹಾಕಿ ಛಾವಣಿಯ ಎರಡೂ ಅಂಚುಗಳನ್ನು ನೋಡಿ. ಛಾವಣಿ ಮೇಲೆ ಮಂಡಿ ಊರಬೇಡಿ, ಹತ್ತಲೂಬೇಡಿ. ತೆಳು ತಗಡಿಗೆ ಒಮ್ಮೆ ಗುಳಿ ಬಿದ್ದರೆ ಮತ್ತೆ ಮೊದಲಿನಂತಾಗುವುದು ಕಷ್ಟ.

ಹಳೆಯ ಮಾದರಿಯ ವ್ಯಾನುಗಳಲ್ಲಿ ಅಂಚಿನುದ್ದಕ್ಕೂ ಮಳೆನೀರಿನ ಕಾಲುವೆ ಹೊರಕ್ಕೆ ಚಾಚಿರುತ್ತದೆ. ಅದು ಭಾಗ್ಯವೇ. ಕಾಲುವೆಯ ತುಟಿಗೆ ಕಚ್ಚಿಕೊಳ್ಳುವ ಪಾದಗಳು ಸಿಗುತ್ತವೆ, ಒಂದು ತೂತೂ ಬೇಡ, ರೈಲೂ ಬೇಡ, ನೇರ ಬಾರ್ ಹಾಕಬಹುದು. ಕಾಲುವೆಯಲ್ಲಿ ತುಕ್ಕು ಹಿಡಿದಿಲ್ಲವೇ ಎಂದು ಮಾತ್ರ ಪರೀಕ್ಷಿಸಿ.

ಈಗಿನ ಬಹುಪಾಲು ವ್ಯಾನುಗಳಲ್ಲಿ ತಯಾರಕರೇ ಜಾಗ ಬಿಟ್ಟಿರುತ್ತಾರೆ. ಅಂಚಿನ ಕರಿ ಪ್ಲಾಸ್ಟಿಕ್ ಪಟ್ಟಿಯ ಅಡಿಯಲ್ಲೋ ಸಣ್ಣ ರಬ್ಬರ್ ಬಿರಡೆಗಳ ಕೆಳಗೋ ಥ್ರೆಡ್ ಇರುವ ತೂತುಗಳೋ ಬೋಲ್ಟ್ ಕಡ್ಡಿಗಳೋ ಅಡಗಿರುತ್ತವೆ. ಕೆಲವು ಮಾದರಿಗಳಲ್ಲಿ ಹೊರಗಿನಿಂದ ತೂತು ಮಾತ್ರ ಕಾಣುತ್ತದೆ, ನಟ್ ಹಾಕಲು ಒಳಗಿನಿಂದ ಹೆಡ್‌ಲೈನಿಂಗ್ (ಛಾವಣಿಯ ಒಳಹೊದಿಕೆ) ಇಳಿಸಬೇಕು. ವಾಹನದ ಕೈಪಿಡಿಯಲ್ಲಿ ಈ ಬಿಂದುಗಳ ಚಿತ್ರ ಇರುತ್ತದೆ. ಒಂದೇ ಹೆಸರಿನ ವ್ಯಾನಿನಲ್ಲೂ ಗಿಡ್ಡ ಚಾಸಿಗೆ, ಉದ್ದ ಚಾಸಿಗೆ, ತಗ್ಗು ಛಾವಣಿಗೆ, ಎತ್ತರದ ಛಾವಣಿಗೆ ಬಿಂದುಗಳ ಅಂತರ ಬೇರೆ ಬೇರೆ. ಹಾಗಾಗಿ ಮಾದರಿಯ ಹೆಸರು ಹೇಳಿ ರೈಲ್ ತರಿಸುವುದು ಸಾಲದು. ವರ್ಷ, ಚಾಸಿಯ ಉದ್ದ, ಛಾವಣಿಯ ಎತ್ತರ, ಜಾರುಬಾಗಿಲು ಯಾವ ಪಕ್ಕದಲ್ಲಿದೆ ಎಂಬುದನ್ನೆಲ್ಲ ಹೇಳಬೇಕು.

ಮೂರನೆಯದು, ಏನೂ ಇಲ್ಲದ ಬೋಳು ಛಾವಣಿ. ಇಲ್ಲಿ ಮಾತ್ರ ಹೊಸದಾಗಿ ತೂತು ಕೊರೆಯುವ ಪ್ರಶ್ನೆ ಬರುತ್ತದೆ. ಕಾರುಗಳಿಗೆ ಬಾಗಿಲ ಚೌಕಟ್ಟಿಗೆ ಕಚ್ಚುವ ಕ್ಲಾಂಪುಗಳಿವೆ, ಆದರೆ ಜಾರುಬಾಗಿಲಿನ ಮೇಲಂಚಿಗೆ ಅವು ಸಾಮಾನ್ಯವಾಗಿ ಹೊಂದುವುದಿಲ್ಲ, ಬಾಗಿಲು ಅಲ್ಲೇ ಉಜ್ಜುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ತಯಾರಕರ ಬಿಂದುಗಳು ಇರುವಾಗ ತೂತು ಕೊರೆಯಬೇಡಿ, ರೈಲ್ ಎಷ್ಟೇ ಚೆಂದ ಇದ್ದರೂ.

ಭಾರದ ಲೆಕ್ಕ

ಕೈಪಿಡಿಯಲ್ಲಿ ಛಾವಣಿ ಎಷ್ಟು ಭಾರ ಹೊರಬಲ್ಲದು ಎಂಬ ಸಂಖ್ಯೆ ಇರುತ್ತದೆ. ಅದು ವಾಹನ ಓಡುತ್ತಿರುವಾಗಿನ ಮಿತಿ, ಮತ್ತು ಅದರಲ್ಲಿ ರೈಲ್, ಬಾರ್, ಪೆಟ್ಟಿಗೆ ಎಲ್ಲದರ ತೂಕವೂ ಸೇರಿದೆ. ಹಲವರು ಮರೆಯುವುದು ಇದನ್ನೇ.

ಕೈಪಿಡಿ 100 ಕೆ.ಜಿ. ಎನ್ನುತ್ತದೆ ಎಂದುಕೊಳ್ಳಿ. ರೈಲ್ ಜೋಡಿ 6, ಎರಡು ಬಾರ್ ಪಾದಗಳ ಸಮೇತ 10, ರೂಫ್ ಬಾಕ್ಸ್ 18. ಇವೇ 34 ಆಯಿತು, ಸಾಮಾನಿಗೆ ಉಳಿದದ್ದು 66 ಕೆ.ಜಿ. ಇಲ್ಲಿಗೆ ನಿಲ್ಲಬೇಡಿ. ಬಾರುಗಳಿಗೆ ಅವುಗಳದೇ ಮಿತಿ ಇರುತ್ತದೆ. ಅದು 75 ಕೆ.ಜಿ. ಆದರೆ ಬಾಕ್ಸಿನ 18 ಕಳೆದು 57 ಮಾತ್ರ ಹೇರಬಹುದು. ರೈಲಿಗೂ ಬೇರೆ ಮಿತಿ, ಬಾಕ್ಸಿಗೂ ಬೇರೆ ಮಿತಿ. ಎಲ್ಲವನ್ನೂ ಹೀಗೆ ಲೆಕ್ಕ ಹಾಕಿ, ಬಂದ ಉತ್ತರಗಳಲ್ಲಿ ಅತಿ ಚಿಕ್ಕದನ್ನು ನಿಮ್ಮ ಮಿತಿಯಾಗಿ ಇಟ್ಟುಕೊಳ್ಳಿ. ಛಾವಣಿ ಮೇಲಿನ ತೂಕ ವಾಹನದ ಒಟ್ಟು ಅನುಮತಿತ ತೂಕದಲ್ಲೂ ಎಣಿಕೆಯಾಗುತ್ತದೆ ಎನ್ನುವುದು ನೆನಪಿರಲಿ.

ಈ ಮಿತಿ ಯಾಕೆ ಇಷ್ಟು ಬಿಗಿ? ನಿಂತ ವ್ಯಾನಿನ ಮೇಲೆ ತೂಕ ಕೆಳಕ್ಕೆ ಒತ್ತುತ್ತದೆ, ಅಷ್ಟೇ. ಜೋರಾಗಿ ಬ್ರೇಕ್ ಹಾಕಿದಾಗ ಅದೇ ತೂಕ ಮುಂದಕ್ಕೆ ನೂಕುತ್ತದೆ. ಒಣ ರಸ್ತೆಯಲ್ಲಿ ತುರ್ತು ಬ್ರೇಕ್ ಗುರುತ್ವದ ಸುಮಾರು 0.8 ಪಟ್ಟಿನ ವೇಗಕುಂಠನ ಕೊಟ್ಟರೆ, 57 ಕೆ.ಜಿ. ಸಾಮಾನು ಹತ್ತಿರಹತ್ತಿರ 46 ಕೆ.ಜಿ. ತೂಕದ ಬಲದಿಂದ ಬಾರಿನ ಪಾದಗಳನ್ನು ಮುಂದಕ್ಕೆ ತಳ್ಳುತ್ತದೆ. ಗುಂಡಿಯಲ್ಲಿ ಚಕ್ರ ಬಿದ್ದಾಗ ಪಾದಗಳ ಮೇಲೆ ಕ್ಷಣಮಾತ್ರ ನಿಜವಾದ ತೂಕಕ್ಕಿಂತ ಹೆಚ್ಚು ಒತ್ತಡ ಬೀಳುತ್ತದೆ. ತಿರುವಿನಲ್ಲಿ ವ್ಯಾನ್ ಹೆಚ್ಚು ವಾಲುತ್ತದೆ, ಯಾಕೆಂದರೆ ಭಾರದ ಕೇಂದ್ರ ಮೇಲಕ್ಕೆ ಹೋಗಿದೆ. ಛಾವಣಿ ಡೇರೆ ಕಟ್ಟಿ ಮಲಗುವವರು ಕೇಳುವುದುಂಟು, ಇಬ್ಬರ ತೂಕ ಮಿತಿ ದಾಟುತ್ತದಲ್ಲ ಎಂದು. ನಿಂತಾಗಿನ ಮಿತಿ ಬೇರೆಯದು, ಓಡುವಾಗಿನದಕ್ಕಿಂತ ಹೆಚ್ಚು. ಆದರೆ ಅದನ್ನು ವಾಹನದ ಮತ್ತು ಬಾರಿನ ತಯಾರಕರು ಬರೆದು ಕೊಟ್ಟಿದ್ದರೆ ಮಾತ್ರ ನಂಬಿ, ಊಹಿಸಬೇಡಿ.

ಕೊಳ್ಳುವಾಗ

ಮಾರುಕಟ್ಟೆಯಲ್ಲಿ ಬರೀ ಅಲಂಕಾರದ ರೈಲುಗಳು ಧಾರಾಳವಾಗಿವೆ. ಎರಡು ಬದಿಯ ಅಂಟುಪಟ್ಟಿಯಿಂದ ಮೆತ್ತುವ ಇವು ನೋಡಲು ಅಸಲಿಯಂತೆಯೇ ಇರುತ್ತವೆ. ಇವುಗಳ ಮೇಲೆ ಬಾರ್ ಹಾಕಬಾರದು. ಪೊಟ್ಟಣದಲ್ಲಿ ಭಾರದ ಮಿತಿ ಕಿಲೋಗಳಲ್ಲಿ ಬರೆದಿಲ್ಲವಾದರೆ ಅದು ಅಲಂಕಾರದ್ದೇ ಎಂದುಕೊಳ್ಳಿ. ಛಾವಣಿ ಭಾರವಾಹಕಗಳಿಗೆ ಐಎಸ್‌ಒ 11154 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಪರೀಕ್ಷೆಯಾದ ಬಾರ್ ಸಿಕ್ಕರೆ ಅದನ್ನೇ ಆರಿಸಿ.

ಬಾರುಗಳಲ್ಲಿ ಚೌಕದ ಉಕ್ಕಿನದು ಗಟ್ಟಿ, ಅಗ್ಗ, ಆದರೆ ಗಾಳಿಯಲ್ಲಿ ಕೂಗುತ್ತದೆ. ರೆಕ್ಕೆಯ ಆಕಾರದ ಅಲ್ಯೂಮಿನಿಯಂ ಬಾರ್ ಹಗುರ ಮತ್ತು ಮೌನಿ, ಮೇಲ್ಭಾಗದ ಉದ್ದ ಸೀಳಿನಲ್ಲಿ ಬೋಲ್ಟಿನ ತಲೆ ಜಾರಿಸಿ ಸೈಕಲ್ ಸ್ಟ್ಯಾಂಡ್ ಮೊದಲಾದವನ್ನು ಕೂರಿಸಬಹುದು. ದಿನವೂ ಏಣಿ, ಪೈಪ್ ಹೊರುವ ಕೆಲಸದ ವ್ಯಾನಿಗೆ ಉಕ್ಕು, ಪ್ರವಾಸಕ್ಕೆ ಅಲ್ಯೂಮಿನಿಯಂ ಎನ್ನುವುದು ನನ್ನ ಆಯ್ಕೆ.

ಹತಾರ

ಟಾರ್ಕ್ ರೆಂಚ್ (ಟಾರ್ಕ್, ಅಂದರೆ ತಿರುಚುವ ಬಲ, ಎಷ್ಟೆಂದು ನಿಗದಿ ಮಾಡಿ ಬಿಗಿಯುವ ಸ್ಪ್ಯಾನರ್; ಸಣ್ಣದು, 5ರಿಂದ 25 ನ್ಯೂಟನ್ ಮೀಟರ್ ವ್ಯಾಪ್ತಿಯದು), ಅಲೆನ್ ಕೀಲಿ ಮತ್ತು ಸಾಕೆಟ್ ಸೆಟ್, ಟ್ರಿಮ್ ತೆಗೆಯುವ ಪ್ಲಾಸ್ಟಿಕ್ ಪಟ್ಟಿಗಳು, ಅಳತೆ ಟೇಪು, ಮಾಸ್ಕಿಂಗ್ ಟೇಪು, ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ, ಪಾಲಿಯುರೆಥೇನ್ ಅಥವಾ ಎಂಎಸ್ ಪಾಲಿಮರ್ ಸೀಲಂಟ್. ತೂತು ಕೊರೆಯುವುದಾದರೆ ಇವುಗಳ ಜೊತೆ ಡ್ರಿಲ್, ಬಿಟ್‌ಗಳು, ಅರ, ಸತುವಿನ ಪ್ರೈಮರ್, ವಾಹನದ ಬಣ್ಣದ ಟಚ್-ಅಪ್ ಶೀಸೆ, ರಿವೆಟ್ ನಟ್ (ತೆಳು ತಗಡಿನ ತೂತಿನಲ್ಲಿ ಹೊರಗಿನಿಂದಲೇ ಒತ್ತಿ ಕೂರಿಸುವ, ಒಳಗೆ ಥ್ರೆಡ್ ಇರುವ ನಟ್) ಹಾಕುವ ಗನ್, ಕಣ್ಣಿಗೆ ಕನ್ನಡಕ. ಏಣಿಗಿಂತ ಅಗಲದ ಅಟ್ಟಣಿಗೆ ಇದ್ದರೆ ಒಳ್ಳೆಯದು. ಇನ್ನೊಬ್ಬರ ಕೈ ಬೇಕೇ ಬೇಕು, ಯಾಕೆಂದರೆ ಎರಡು ಮೂರು ಮೀಟರ್ ಉದ್ದದ ರೈಲನ್ನು ಒಬ್ಬರೇ ಎತ್ತಿ ಇಳಿಸಿದರೆ ಬಣ್ಣಕ್ಕೆ ಗೀರು ಖಚಿತ.

ಸಾಮಾನ್ಯ ಬಾತ್‌ರೂಮ್ ಸಿಲಿಕೋನ್ ತರಬೇಡಿ. ವಿನೆಗರ್ ವಾಸನೆ ಬರುವ ಆ ಬಗೆ ಆರುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿ ಉಕ್ಕಿಗೆ ಅದು ತುಕ್ಕಿನ ಆಹ್ವಾನ. ಮೇಲಾಗಿ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಒಳಗಿನ ತಯಾರಿ

ಕೆಳಗಿನಿಂದ ನಟ್ ಹಾಕಬೇಕಾದ ರೈಲ್ ಆದರೆ, ಹೊಸ ತೂತು ಕೊರೆಯುವುದಾದರೂ, ಒಳಗಿನಿಂದಲೇ ಶುರುಮಾಡಿ. ಬ್ಯಾಟರಿಯ ಋಣ ತಂತಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ನಿಮಿಷ ಕಾಯಿರಿ. ಕಾರಣ ಇದು: ಪರದೆ ಏರ್‌ಬ್ಯಾಗ್ (ಅಪಘಾತದಲ್ಲಿ ಪಕ್ಕದ ಕಿಟಕಿಗಳ ಮೇಲೆ ಇಳಿಯುವ ಗಾಳಿಚೀಲ) ಇರುವ ವ್ಯಾನುಗಳಲ್ಲಿ ಅದು ಮಡಚಿ ಕೂತಿರುವುದು ಬಾಗಿಲುಗಳ ಮೇಲಿನ ಅದೇ ಚೌಕಟ್ಟಿನಲ್ಲಿ, ರೈಲಿನ ಬೋಲ್ಟ್ ಇಳಿಯುವ ಜಾಗದ ಪಕ್ಕದಲ್ಲೇ. ಉದ್ದ ಬೋಲ್ಟಿನ ತುದಿ ಆ ಚೀಲವನ್ನು ಮುಟ್ಟುವಂತಿದ್ದರೆ ಅದು ಬಿಚ್ಚಿಕೊಳ್ಳುವಾಗ ಹರಿಯಬಹುದು. ಏರ್‌ಬ್ಯಾಗ್ ಗುರುತು ಬಾಗಿಲ ಪಕ್ಕದ ಕಂಬದ ಮೇಲೆ ಕಂಡರೆ, ಮತ್ತು ಹೊಸ ತೂತು ಬೇಕಾಗಿದ್ದರೆ, ಆ ಭಾಗವನ್ನು ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಹಿಡಿಕೆಗಳು, ಸನ್ ವೈಸರ್, ದೀಪಗಳು, ರಬ್ಬರ್ ಅಂಚು, ಕಂಬದ ಮೇಲ್ಭಾಗದ ಹೊದಿಕೆ, ಈ ಕ್ರಮದಲ್ಲಿ ತೆಗೆಯಿರಿ. ಹೆಡ್‌ಲೈನಿಂಗನ್ನು ಪೂರ್ತಿ ಹೊರತೆಗೆಯುವ ಅಗತ್ಯ ಸಾಧಾರಣವಾಗಿ ಇಲ್ಲ, ಅಂಚನ್ನು ಕೈ ಹೋಗುವಷ್ಟು ಇಳಿಸಿದರೆ ಸಾಕು. ಅದನ್ನು ಮಡಿಸಬೇಡಿ, ಮುರಿದ ಗೆರೆ ಎಂದೂ ಹೋಗದು. ಬಿಚ್ಚುವ ಪ್ರತಿ ಹಂತಕ್ಕೆ ಫೋಟೋ ತೆಗೆದಿಡಿ. ದೀಪದ ತಂತಿ, ಆಂಟೆನಾ ಕೇಬಲ್ ಎಲ್ಲಿ ಹಾಯ್ದಿವೆ ಎಂಬುದನ್ನು ಟೇಪಿನಿಂದ ಗುರುತಿಸಿ.

ಸೀಲಂಟ್ ಇಲ್ಲದೆ ಒಮ್ಮೆ ಇಟ್ಟು ನೋಡುವುದು

ಛಾವಣಿಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಂಚಿನ ಉದ್ದಕ್ಕೂ ಮಾಸ್ಕಿಂಗ್ ಟೇಪು ಹಚ್ಚಿ. ಬಿರಡೆಗಳನ್ನು ತೆಗೆದು ಥ್ರೆಡ್‌ನೊಳಗಿನ ಮಣ್ಣು, ಹಳೆಯ ಮೇಣ ಕೀಳಿ. ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಇಳಿಸಿ ನೋಡಿ. ಬೆರಳಿಗೆ ಇಳಿಯದ ಬೋಲ್ಟನ್ನು ಸ್ಪ್ಯಾನರ್ ಹಾಕಿ ಇಳಿಸಿದರೆ ಥ್ರೆಡ್ ಹಾಳು.

ಈಗ ರೈಲನ್ನು ಎತ್ತಿ ಕೂರಿಸಿ. ಪಾದ ಎಲ್ಲ ಕಡೆ ಛಾವಣಿಗೆ ಸಮನಾಗಿ ಒರಗಬೇಕು. ಒಂದು ಪಾದ ಎದ್ದು ನಿಂತಿದ್ದರೆ ಬೋಲ್ಟ್ ಬಿಗಿದು ಎಳೆದು ಕೂರಿಸಬೇಡಿ, ಅದು ರೈಲನ್ನೂ ತಗಡನ್ನೂ ನಿರಂತರ ಜಗ್ಗುತ್ತಿರುತ್ತದೆ. ಪಾದದ ಕೆಳಗಿನ ರಬ್ಬರ್ ಹಾಸು ಎಡಕ್ಕೆ ಬಲಕ್ಕೆ ಅದಲು ಬದಲಾಗಿದೆಯೇ ನೋಡಿ, ಎಷ್ಟೋ ಸಲ ಅದೇ ಕಾರಣ. ಎರಡೂ ರೈಲು ಕೂತ ಮೇಲೆ ಮುಂದಿನ ಎಡ ತುದಿಯಿಂದ ಹಿಂದಿನ ಬಲ ತುದಿಗೆ, ಮತ್ತೆ ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಅಳೆಯಿರಿ. ಈ ಎರಡು ಕರ್ಣಗಳು ಸಮ ಇದ್ದರೆ ರೈಲುಗಳು ನೇರ ಇವೆ. ಜಾರುಬಾಗಿಲು ಎಳೆದು, ಹಿಂಬಾಗಿಲು ಪೂರ್ತಿ ಎತ್ತಿ ನೋಡಿ. ಮೇಲಕ್ಕೆ ತೆರೆಯುವ ಹಿಂಬಾಗಿಲಿನ ಅಂಚು ಛಾವಣಿಯ ಮೇಲೆ ಬರುವಷ್ಟು ಜಾಗ ಹಿಂದೆ ಬಿಡಬೇಕು.

ತೂತು ಕೊರೆಯಲೇಬೇಕಾದರೆ

ಒಳಗಿನಿಂದ ಚೌಕಟ್ಟಿನ ಆಕಾರ ನೋಡಿಕೊಂಡು, ಪಾದದ ತೂತು ಪದರಗಳು ಸೇರುವ ಗಟ್ಟಿ ಜಾಗಕ್ಕೆ ಬರುವಂತೆ ಗುರುತು ಹಾಕಿ. ವಾಹನದ ನಡುಗೆರೆಯಿಂದ ಎರಡೂ ಪಕ್ಕದ ಅಂತರ ಒಂದೇ ಇರಬೇಕು. ಒಮ್ಮೆ ಅಳೆದದ್ದನ್ನು ಜೊತೆಗಿರುವವರು ಬೇರೆಯಾಗಿ ಅಳೆಯಲಿ.

ಟೇಪಿನ ಮೇಲೆ ಸೆಂಟರ್ ಪಂಚ್‌ನಿಂದ ಮೆಲ್ಲಗೆ ಚುಕ್ಕೆ ಹೊಡೆಯಿರಿ. ಮೊದಲು 3 ಮಿ.ಮೀ. ಬಿಟ್. ಬಿಟ್ ತುದಿಯಿಂದ ಕೆಲವೇ ಮಿಲಿಮೀಟರ್ ಬಿಟ್ಟು ಟೇಪು ಸುತ್ತಿ ಅಡ್ಡಗಟ್ಟಿ, ಇಲ್ಲವಾದರೆ ತಗಡು ದಾಟಿದ ಕ್ಷಣ ಡ್ರಿಲ್ ಒಳಕ್ಕೆ ನುಗ್ಗುತ್ತದೆ. ಆಮೇಲೆ ಹಂತ ಹಂತವಾಗಿ ದೊಡ್ಡದು ಮಾಡಿ. ಉಕ್ಕಿನ ಎಂ6 (6 ಮಿ.ಮೀ. ಬೋಲ್ಟ್ ಹಿಡಿಯುವ) ರಿವೆಟ್ ನಟ್‌ಗೆ ಸಾಮಾನ್ಯವಾಗಿ 9 ಮಿ.ಮೀ., ಎಂ8ಕ್ಕೆ 11 ಮಿ.ಮೀ. ತೂತು ಬೇಕು. ಪೊಟ್ಟಣದ ಮೇಲಿನ ಅಳತೆ ಬೇರೆ ಇದ್ದರೆ ಅದೇ ಸರಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ನಟ್ ತೂತಿನೊಳಗೆ ಗಿರಗಿರ ತಿರುಗುತ್ತದೆ. ತಗಡಿನ ದಪ್ಪಕ್ಕೆ ತಕ್ಕ ಹಿಡಿತದ ರಿವೆಟ್ ನಟ್ ಆರಿಸಿ. ಗನ್ ಸಾಕಷ್ಟು ಒತ್ತದಿದ್ದರೆ ಅದು ಸಡಿಲ, ಅತಿಯಾಗಿ ಒತ್ತಿದರೆ ಥ್ರೆಡ್ ಕಿತ್ತು ಬರುತ್ತದೆ. ಹಾಗಾಗಿ ಅದೇ ದಪ್ಪದ ಬೇರೆ ತಗಡಿನ ಚೂರಿನಲ್ಲಿ ಮೊದಲು ಕೈ ಕುದುರಿಸಿಕೊಳ್ಳಿ.

ಒಳಗೆ ಕೈ ಹೋಗುವ ಕಡೆ ರಿವೆಟ್ ನಟ್ ಬದಲು ದೊಡ್ಡ ಉಕ್ಕಿನ ಪಟ್ಟಿಯೊಂದನ್ನು ಒಳಗಿನಿಂದ ಆನಿಸಿ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್) ಹಾಕುವುದೇ ಉತ್ತಮ. ಬಲ ಇಡೀ ಪಟ್ಟಿಗೆ ಹಂಚಿಹೋಗುತ್ತದೆ. ಒಳಗೆ ಟೊಳ್ಳಿರುವ ಪೆಟ್ಟಿಗೆಯಾಕಾರದ ಚೌಕಟ್ಟನ್ನು ಬೋಲ್ಟ್ ಆರಪಾರ ದಾಟುವುದಾದರೆ, ನಡುವೆ ಕೊಳವೆ ತುಂಡೊಂದನ್ನು ಕೂರಿಸಿ. ಅದಿಲ್ಲದೆ ಬಿಗಿದರೆ ಚೌಕಟ್ಟು ಚಪ್ಪಟೆಯಾಗುತ್ತದೆ, ಬಿಗಿತ ಎಂದಿಗೂ ನಿಲ್ಲುವುದಿಲ್ಲ.

ಕೊರೆದ ಮೇಲಿನ ಶುಚಿ ಕೆಲಸಕ್ಕೆ ಆತುರ ಬೇಡವೇ ಬೇಡ. ತೂತಿನ ಅಂಚನ್ನು ಅರದಿಂದ ನುಣುಪು ಮಾಡಿ. ಉದುರಿದ ಉಕ್ಕಿನ ಪುಡಿಯನ್ನು ಕೈಯಿಂದ ಉಜ್ಜಬೇಡಿ, ವ್ಯಾಕ್ಯೂಮ್‌ನಿಂದ ಎಳೆಯಿರಿ, ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಆಡಿಸಿ. ಛಾವಣಿಯ ಮೇಲೆ ಉಳಿದ ಒಂದೊಂದು ಕಣವೂ ಮೊದಲ ಮಳೆಗೆ ಕಂದು ಚುಕ್ಕೆಯಾಗಿ ಬಣ್ಣದೊಳಗೆ ಕಚ್ಚಿಕೊಳ್ಳುತ್ತದೆ. ಚೌಕಟ್ಟಿನೊಳಗೆ ಬಿದ್ದ ಪುಡಿ ಇನ್ನೂ ಕೆಟ್ಟದ್ದು, ಅದು ತಳದಲ್ಲಿ ಕೂತು ಒಳಗಿನಿಂದಲೇ ತಿನ್ನುತ್ತದೆ. ತೂತಿನ ಬರಿ ಅಂಚಿಗೆ ಸತುವಿನ ಪ್ರೈಮರ್ ಎರಡು ಸಲ, ಒಣಗಿದ ಮೇಲೆ ಟಚ್-ಅಪ್ ಬಣ್ಣ. ಡಬ್ಬಿ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ರಿವೆಟ್ ನಟ್ ಕೂರಿಸುವುದು ಇದಾದ ಮೇಲೆ.

ಸೀಲಂಟ್ ಹಚ್ಚಿ ರೈಲ್ ಕೂರಿಸುವುದು

ಸೀಲಂಟ್ ಬೀಳುವ ಜಾಗವನ್ನು ಆಲ್ಕೋಹಾಲ್‌ನಿಂದ ಒರೆಸಿ, ಆರಲು ಬಿಡಿ, ಮತ್ತೆ ಬೆರಳು ಮುಟ್ಟಿಸಬೇಡಿ. ಒದ್ದೆ ತಗಡಿನ ಮೇಲಾಗಲಿ, ಬಿಸಿಲಿಗೆ ಕಾದು ಸುಡುವ ತಗಡಿನ ಮೇಲಾಗಲಿ ಕೆಲಸ ಬೇಡ. ಪ್ರತಿ ತೂತಿನ ಸುತ್ತ ಕಡಿಯದ ಒಂದು ಉಂಗುರ ಎಳೆಯಿರಿ. ರೈಲಿನ ಪಾದಕ್ಕೆ ರಬ್ಬರ್ ಹಾಸಿದ್ದರೂ ಇದು ಬೇಕು, ಯಾಕೆಂದರೆ ರಬ್ಬರ್ ವರ್ಷಗಳಲ್ಲಿ ಗಡಸಾಗುತ್ತದೆ. ಸೀಲಂಟ್ ಇರಬೇಕಾದದ್ದು ತೂತಿನ ಸುತ್ತ. ಪಾದದ ಕೆಳಗೆಲ್ಲ ದಪ್ಪ ಪದರ ಹಾಕಿದರೆ ಅದು ಮೆಲ್ಲಗೆ ಹಿಂಡಿಕೊಂಡು ಬೋಲ್ಟ್ ಸಡಿಲವಾಗುತ್ತದೆ.

ಅಲ್ಯೂಮಿನಿಯಂ ರೈಲಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ಒಂದು ಎಚ್ಚರ ಬೇಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರೋ ಮಳೆನೀರೋ ನಿಂತರೆ ಅಲ್ಯೂಮಿನಿಯಂ ಕರಗುತ್ತ ಬಿಳಿ ಪುಡಿಯಾಗುತ್ತದೆ. ನಡುವೆ ನೈಲಾನ್ ವಾಷರ್ ಅಥವಾ ಸವೆತ ತಡೆಯುವ ಗ್ರೀಸಿನ ತೆಳು ಲೇಪ ಇದ್ದರೆ ಸಾಕು. ಥ್ರೆಡ್‌ಗೆ ಗ್ರೀಸ್ ಮುಟ್ಟಿದರೆ ಅದೇ ಟಾರ್ಕ್‌ನಲ್ಲಿ ಬೋಲ್ಟ್ ಹೆಚ್ಚು ಬಿಗಿಯುತ್ತದೆ, ಹಾಗಾಗಿ ರೈಲಿನ ತಯಾರಕರು ಹೇಳದ ಹೊರತು ಥ್ರೆಡ್ ಒಣಗಿರಲಿ.

ಇಬ್ಬರು ಸೇರಿ ರೈಲನ್ನು ನೇರ ಕೆಳಕ್ಕೆ ಇಳಿಸಿ, ಎಳೆದಾಡಬೇಡಿ, ಸೀಲಂಟಿನ ಉಂಗುರ ಹರಿಯುತ್ತದೆ. ಎಲ್ಲ ಬೋಲ್ಟ್‌ಗಳನ್ನು ಕೈಯಿಂದ ಇಳಿಸಿ. ನಡುವಿನ ಪಾದದಿಂದ ಶುರುಮಾಡಿ ಎರಡೂ ತುದಿಗಳತ್ತ, ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ. ಎಷ್ಟು ಟಾರ್ಕ್ ಎಂಬುದನ್ನು ರೈಲಿನ ಹಾಳೆ ಹೇಳುತ್ತದೆ. 8.8 ದರ್ಜೆಯ (ಇದು ಬೋಲ್ಟಿನ ಬಲದ ಗುರುತು) ಎಂ6 ಬೋಲ್ಟ್ ಗಟ್ಟಿ ಉಕ್ಕಿನ ನಟ್‌ನಲ್ಲಿ ಸುಮಾರು 10 ನ್ಯೂಟನ್ ಮೀಟರ್, ಎಂ8 ಸುಮಾರು 25 ತಾಳುತ್ತದೆ. ತೆಳು ತಗಡಿನ ರಿವೆಟ್ ನಟ್ ಅಷ್ಟು ತಾಳುವುದಿಲ್ಲ, ಅದಕ್ಕೆ ಕಡಿಮೆಯೇ ಇರಬೇಕು. ಅಂದಾಜಿನ ಕೈಗಿಂತ ಟಾರ್ಕ್ ರೆಂಚ್ ಇಲ್ಲಿ ನಿಜಕ್ಕೂ ಉಪಕಾರಿ. ಹೊರಕ್ಕೆ ಉಕ್ಕಿದ ಸೀಲಂಟನ್ನು ಒದ್ದೆ ಬೆರಳಿನಿಂದ ಸವರಿ, ಅದು ಚರ್ಮ ಕಟ್ಟುವ ಮೊದಲೇ ಟೇಪು ಕೀಳಿ.

ನೀರಿನ ಪರೀಕ್ಷೆ

ಸೀಲಂಟ್ ಗಾಳಿಯ ತೇವ ಹೀರಿಕೊಂಡು ದಿನಕ್ಕೆ ಸುಮಾರು 2ರಿಂದ 3 ಮಿ.ಮೀ. ಆಳ ಗಟ್ಟಿಯಾಗುತ್ತದೆ. ಒಂದು ಇಡೀ ದಿನ ವ್ಯಾನನ್ನು ಮುಟ್ಟಬೇಡಿ. ಮರುದಿನ, ಹೆಡ್‌ಲೈನಿಂಗ್ ಇನ್ನೂ ಇಳಿದೇ ಇರುವಾಗ, ಒಬ್ಬರು ಮೇಲಿನಿಂದ ಪೈಪಿನಲ್ಲಿ ನೀರು ಬಿಡಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಪ್ರತಿ ಬೋಲ್ಟಿನ ಬುಡ ನೋಡಿ. ಒಂದೊಂದು ಪಾದಕ್ಕೆ ಕೆಲವು ನಿಮಿಷ, ಕೆಳಗಿನ ಕಡೆಯಿಂದ ಮೇಲಿನ ಕಡೆಗೆ. ಮೇಲಿನಿಂದ ಶುರುಮಾಡಿದರೆ ಹರಿದು ಬಂದ ನೀರು ಯಾವ ತೂತಿನದೆಂದು ತಿಳಿಯುವುದಿಲ್ಲ. ಬೋಲ್ಟಿನ ಸುತ್ತ ಒಣ ಟಿಶ್ಯೂ ಕಾಗದ ಅಂಟಿಸಿದರೆ ಒಂದು ಹನಿಯೂ ಕಾಣುತ್ತದೆ. ಸೋರಿದರೆ ಹೊರಗಿನಿಂದ ಮೇಲೆ ಮೆತ್ತುವುದು ಪರಿಹಾರವಲ್ಲ. ಆ ರೈಲನ್ನು ಬಿಚ್ಚಿ, ಹಳೆಯದನ್ನು ಕೆರೆದು, ಮತ್ತೆ ಹಚ್ಚಿ. ಎಲ್ಲ ಒಣಗಿದೆ ಎಂದು ಖಾತ್ರಿಯಾದ ಮೇಲೆ ಬರಿ ಜಾಗಗಳಿಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ ಹೊದಿಕೆಗಳನ್ನು ಮರಳಿ ಕೂರಿಸಿ. ಬ್ಯಾಟರಿ ಜೋಡಿಸಿದಾಗ ಏರ್‌ಬ್ಯಾಗ್ ದೀಪ ಆರಬೇಕು. ಆರದಿದ್ದರೆ ವ್ಯಾನ್ ಓಡಿಸುವ ಮೊದಲು ತೋರಿಸಿ.

ಬಾರ್ ಹಾಕುವುದು

ಇದು ಸುಲಭದ ಭಾಗ. ರೈಲಿನ ಮೇಲೆ ಪಾದ ಕಚ್ಚುವ ಜಾಗವನ್ನು ಒರೆಸಿ, ಧೂಳಿದ್ದರೆ ಅದೇ ಉಜ್ಜುಕಾಗದವಾಗುತ್ತದೆ. ಎರಡು ಬಾರುಗಳ ನಡುವೆ ಸಾಧಾರಣ 70 ಸೆಂ.ಮೀ.ಗೆ ಕಡಿಮೆ ಇರಬಾರದು. ಉದ್ದದ ಏಣಿ, ಹಲಗೆ ಒಯ್ಯುವವರು ರೈಲ್ ಬಿಟ್ಟಷ್ಟು ದೂರ ಇಡಿ, ಎರಡು ಮೀಟರಿಗಿಂತ ಉದ್ದದ ಬಾಗುವ ಸಾಮಾನಾದರೆ ಮೂರನೇ ಬಾರ್ ಹಾಕಿ. ಮೂರನೆಯದು ಹಾಕಿದ್ದಕ್ಕೆ ಛಾವಣಿಯ ಮಿತಿ ಹೆಚ್ಚುವುದಿಲ್ಲ. ಮುಂಗಾಜಿನ ಮೇಲಂಚಿನಿಂದ ಎರಡೂ ಪಕ್ಕಕ್ಕೆ ಅಳೆದು ಬಾರ್ ಅಡ್ಡಕ್ಕೆ ನೇರ ಇದೆಯೇ ನೋಡಿ, ಎಡ ಬಲ ಹೊರಚಾಚು ಸಮ ಮಾಡಿ. ಛಾವಣಿಯ ಉಬ್ಬಿಗೂ ಬಾರಿನ ಹೊಟ್ಟೆಗೂ ನಡುವೆ, ಭಾರ ಬಿದ್ದು ಬಾಗಿದಾಗಲೂ, ಅಂತರ ಉಳಿಯಬೇಕು. ಎಡ ಬಲ ಪಾದಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಕೊನೆಗೆ ಬಾರನ್ನು ಹಿಡಿದು ಜೋರಾಗಿ ಅಲುಗಾಡಿಸಿ: ಅಲುಗಬೇಕಾದದ್ದು ಸ್ಪ್ರಿಂಗಿನ ಮೇಲೆ ಕೂತ ಇಡೀ ವ್ಯಾನ್, ಬಾರ್ ಅಲ್ಲ.

ಶಿಳ್ಳೆಯಂಥ ಸದ್ದು ಬಂದರೆ ಮೊದಲು ಬಾರಿನ ಮೇಲಿನ ಸೀಳನ್ನು ಅದರ ರಬ್ಬರ್ ಪಟ್ಟಿಯಿಂದ ಮುಚ್ಚಿ, ತುದಿಯ ಮುಚ್ಚಳಗಳು ಇವೆಯೇ ನೋಡಿ. ರೆಕ್ಕೆಯಾಕಾರದ ಬಾರನ್ನು ಹಿಂದುಮುಂದಾಗಿ ಹಾಕಿದ್ದರೂ ಕೂಗುತ್ತದೆ, ದುಂಡಗಿನ ದಪ್ಪ ಅಂಚು ಮುಂದಕ್ಕಿರಬೇಕು.

ಮೊದಲ ಸಲ ಭಾರ ಹೇರುವಾಗ

ಭಾರವಾದದ್ದು ಕೆಳಗೆ, ಎರಡು ಬಾರುಗಳ ನಡುವೆ. ಪಟ್ಟಿಗಳನ್ನು ಎರಡೂ ಬಾರ್‌ಗಳಿಗೆ ಪ್ರತ್ಯೇಕವಾಗಿ ಕಟ್ಟಿ, ಉದ್ದದ ಸಾಮಾನಿಗೆ ಮುಂದೆ ಮತ್ತು ಹಿಂದೆ ಇನ್ನೊಂದೊಂದು ಹಗ್ಗ ಬಂಪರ್ ಕೊಂಡಿಗೆ. ರಬ್ಬರ್ ಹಗ್ಗ ಹಿಗ್ಗುತ್ತದೆ, ಅದನ್ನು ನಂಬಬೇಡಿ. ಪಟ್ಟಿಗೆ ಒಂದೆರಡು ತಿರುವು ಕೊಟ್ಟು ಕಟ್ಟಿದರೆ ಗಾಳಿಗೆ ಪಟಪಟ ಬಡಿಯುವುದಿಲ್ಲ.

ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಎಲ್ಲವನ್ನೂ ಮತ್ತೆ ಟಾರ್ಕ್ ರೆಂಚ್‌ನಿಂದ ನೋಡಿ. ಹೊಸ ರಬ್ಬರ್ ಹಾಸುಗಳು ಕೂರುವುದೇ ಆಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ಗಂಟೆಗೆ 80 ಕಿ.ಮೀ.ನಿಂದ 120ಕ್ಕೆ ಹೋದರೆ 2.25 ಪಟ್ಟು. ಇಂಧನಕ್ಕೂ ಬೋಲ್ಟಿಗೂ ಅದರ ಹೊರೆ ಬೀಳುತ್ತದೆ. ಬಾರಿನ ಹಾಳೆಯಲ್ಲಿ ಗರಿಷ್ಠ ವೇಗ ಬರೆದಿದ್ದರೆ ಅದನ್ನು ಮೀರಬೇಡಿ. ನೆಲದಿಂದ ಸಾಮಾನಿನ ತುದಿಯವರೆಗಿನ ಹೊಸ ಎತ್ತರ ಅಳೆದು, ಚಾಲಕನ ಕಣ್ಣಿಗೆ ಬೀಳುವಂತೆ ಡ್ಯಾಶ್‌ಬೋರ್ಡಿಗೆ ಚೀಟಿ ಅಂಟಿಸಿ. ತಗ್ಗಿನ ಪಾರ್ಕಿಂಗ್ ಕಮಾನುಗಳು, ಮರದ ಕೊಂಬೆಗಳು, ಬ್ರಷ್ ತಿರುಗುವ ಕಾರ್ ವಾಷ್‌ಗಳು ಇನ್ನು ನಿಮ್ಮ ಲೆಕ್ಕದಲ್ಲಿರಬೇಕು.

ಭಾರ ಒಯ್ಯುವ ಪ್ರತಿ ಪ್ರಯಾಣಕ್ಕೆ ಮುಂಚೆ ಬಾರ್ ಬೋಲ್ಟ್, ವರ್ಷಕ್ಕೆರಡು ಸಲ ರೈಲ್ ಬೋಲ್ಟ್ ಮತ್ತು ಸೀಲಂಟಿನ ಅಂಚು ನೋಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಬಾರುಗಳು ಬೇಡದ ತಿಂಗಳುಗಳಲ್ಲಿ ಬಿಚ್ಚಿಡಿ, ಪಾದಗಳಿಗೆ ಎಡ-ಮುಂದೆ, ಬಲ-ಹಿಂದೆ ಎಂದು ಗುರುತು ಹಾಕಿಟ್ಟರೆ ಮುಂದಿನ ಸಲ ಅಳೆಯುವ ಕೆಲಸ ಉಳಿಯುತ್ತದೆ.